ಮಗ್ಗುಲಾಗಿ ಮಲಗಿದ ಹಡಗಿನಲ್ಲಿ ಆರು ದಿನ

ಹೊರಡುವ ಮೂರು ವಾರ ಮುಂಚೆಯೇ ಹಡಗಿನ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಟ್ಟಿದ್ದೆ. ನೆಟ್ಟಗಲ್ಲ, ಎಡಮಗ್ಗುಲು ಕೆಳಗೆ ಬರುವ ಹಾಗೆ ತಿರುಗಿಸಿ. ಮಗಳು ಬಂದಾಗಲೆಲ್ಲ ಅದನ್ನು ನೆಟ್ಟಗೆ ಮಾಡಿ ಹೋಗುತ್ತಿದ್ದಳು. ನಾನು ಮತ್ತೆ ತಿರುಗಿಸುತ್ತಿದ್ದೆ. ಎಸ್‌ಎಸ್ ಪ್ರೆಸಿಡೆಂಟ್ ಕೂಲಿಜ್ ಸಮುದ್ರದ ತಳದಲ್ಲಿ ಮಲಗಿರುವುದೇ ಹಾಗೆ, ಎಡಮಗ್ಗುಲಾಗಿ. ಒಳಗೆ ಹೋದರೆ ನೆಲ ಗೋಡೆಯಾಗಿರುತ್ತದೆ, ಗೋಡೆ ಚಾವಣಿಯಾಗಿರುತ್ತದೆ. ಕೆಲವು ಬಾಗಿಲುಗಳು ಕಾಲ ಕೆಳಗೆ ಬಾವಿಯ ಹಾಗೆ ಬಾಯಿ ತೆರೆದಿರುತ್ತವೆ. ಈ ಲೆಕ್ಕ ತಲೆಗೆ ಹತ್ತದೆ ಇಳಿದರೆ ಬರೀ ಕಬ್ಬಿಣದ ರಾಶಿ ಕಾಣುತ್ತದೆ, ಹಡಗು ಕಾಣುವುದಿಲ್ಲ.

ಕೂಲಿಜ್ ಇರುವುದು ಪೆಸಿಫಿಕ್ ಸಾಗರದ ವನವಾಟು ದೇಶದಲ್ಲಿ, ಎಸ್ಪಿರಿಟು ಸಾಂಟೋ ಎಂಬ ದ್ವೀಪದ ಅಂಚಿನಲ್ಲಿ. ಮುಳುಗಿದ ದೊಡ್ಡ ಪ್ರಯಾಣಿಕರ ಹಡಗು ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಟೈಟಾನಿಕ್. ಅದು ಸುಮಾರು 3,800 ಮೀಟರ್ ಆಳದಲ್ಲಿದೆ, ಮೈಯೊಡ್ಡಿ ಈಜಿ ನೋಡುವ ಮಾತೇ ಇಲ್ಲ. ಲುಸಿಟಾನಿಯಾ ಐರ್ಲೆಂಡ್ ಬಳಿ 90 ಮೀಟರಿಗಿಂತ ಕೆಳಗಿದೆ, ಅದೂ ಕುಸಿದುಹೋಗಿದೆ. ಟೈಟಾನಿಕ್‌ನ ತಂಗಿ ಹಡಗು ಬ್ರಿಟಾನಿಕ್ ಗ್ರೀಸ್‌ನ ಕಿಯಾ ದ್ವೀಪದ ಹತ್ತಿರ ಹೆಚ್ಚುಕಮ್ಮಿ ಇಡಿಯಾಗಿಯೇ ಉಳಿದಿದೆ, ಆದರೆ 120 ಮೀಟರ್ ಆಳ. 1956ರಲ್ಲಿ ಮುಳುಗಿದ ಆಂಡ್ರಿಯಾ ಡೋರಿಯಾ 70 ಮೀಟರ್ ಆಸುಪಾಸಿನಲ್ಲಿದ್ದರೂ ಅಲ್ಲಿನ ತಣ್ಣೀರು, ಸೆಳೆತ ಎರಡೂ ಕೆಟ್ಟವು. ಡೈವರ್‌ಗಳು ಜೀವ ಕಳೆದುಕೊಂಡ ಜಾಗ ಅದು. ಕೂಲಿಜ್ ಹಾಗಲ್ಲ. ಮೂತಿ 20 ಮೀಟರ್‌ನಲ್ಲಿ ಶುರುವಾಗುತ್ತದೆ, ಹಿಂಭಾಗ 70 ಮೀಟರ್‌ವರೆಗೆ ಇಳಿಜಾರಾಗಿ ಇಳಿದಿದೆ. ದಡದಿಂದ ನಡೆದುಕೊಂಡೇ ನೀರಿಗಿಳಿಯಬಹುದು. ಸುಮಾರು 200 ಮೀಟರ್ ಉದ್ದದ ಹಡಗೊಂದು ನನ್ನಂಥ ಸಾಮಾನ್ಯ ಡೈವರ್‌ಗೂ ಬಾಗಿಲು ತೆರೆದಿಟ್ಟಿದೆ ಅಂದರೆ ಅದು ದೊಡ್ಡ ಭಾಗ್ಯ.

ಅದರ ಕಥೆ ಸ್ವಲ್ಪ ಹೇಳಬೇಕು. ಕಟ್ಟಿದ್ದು ಅಮೆರಿಕದ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆಯಲ್ಲಿ, 1931ರಲ್ಲಿ. ಆಗ ಅಲ್ಲಿ ಪಾನನಿಷೇಧ ಇತ್ತು. ಅದಕ್ಕೇ ನೀರಿಗಿಳಿಸುವಾಗ ಶಾಂಪೇನ್ ಬದಲು ಮಾಜಿ ಅಧ್ಯಕ್ಷ ಕೂಲಿಜ್ ಅವರ ಊರಿನ ತೊರೆಯ ನೀರು ತುಂಬಿದ ಬಾಟಲಿಯನ್ನು ಅವರ ಹೆಂಡತಿ ಒಡೆದರು. ಸ್ಯಾನ್ ಫ್ರಾನ್ಸಿಸ್ಕೋದಿಂದ ಜಪಾನ್, ಚೀನಾ, ಫಿಲಿಪೈನ್ಸ್ ಕಡೆಗೆ ಓಡಾಡುತ್ತಿದ್ದ ಐಷಾರಾಮಿ ಹಡಗು. ಎರಡು ಈಜುಕೊಳ, ಜಿಮ್, ಸಲೂನ್ ಎಲ್ಲ ಇದ್ದವು. ಎರಡನೇ ಮಹಾಯುದ್ಧ ಬಂತು, ಮಂಚ ಮೇಜು ತೆಗೆದು ಸೈನಿಕರನ್ನು ತುಂಬಿದರು.

1942ರ ಅಕ್ಟೋಬರ್ 26ರ ಬೆಳಿಗ್ಗೆ ಕೂಲಿಜ್ ಐದು ಸಾವಿರಕ್ಕೂ ಜಾಸ್ತಿ ಜನರನ್ನು ಹೊತ್ತು ಸಾಂಟೋಗೆ ಬಂತು. ಬಂದರಿನ ಬಾಯಲ್ಲಿ ಅಮೆರಿಕನ್ನರೇ ನೀರೊಳಗೆ ಮೈನ್‌ಗಳನ್ನು, ಅಂದರೆ ಸಿಡಿಗುಂಡುಗಳನ್ನು, ಹಾಕಿದ್ದರು. ಆ ಮಾಹಿತಿ ಹಡಗಿಗೆ ಸಿಕ್ಕಿರಲಿಲ್ಲ. ಎರಡು ಮೈನ್ ಒಂದರ ಹಿಂದೊಂದು ಸಿಡಿದವು. ಕ್ಯಾಪ್ಟನ್ ಹೆನ್ರಿ ನೆಲ್ಸನ್ ತಡಮಾಡದೆ ಹಡಗನ್ನು ದಡದ ಹವಳದ ದಿಬ್ಬಕ್ಕೆ ಹತ್ತಿಸಿಬಿಟ್ಟರು. ಸಾಮಾನು ಬಿಟ್ಟು ಇಳಿಯಿರಿ, ಆಮೇಲೆ ಬಂದು ತೊಗೊಳ್ಳಬಹುದು ಅಂತ ಸೈನಿಕರಿಗೆ ಹೇಳಿದರು. ಸುಮಾರು ಒಂದೂವರೆ ಗಂಟೆಯಲ್ಲಿ ಹಡಗು ವಾಲಿ, ಮಗುಚಿ, ಇಳಿಜಾರಿನಲ್ಲಿ ಜಾರಿ ಕೆಳಗೆ ಹೋಯಿತು. ಅಷ್ಟು ಜನರಲ್ಲಿ ಸತ್ತವರು ಇಬ್ಬರೇ. ಸೈನಿಕರು ಬಿಟ್ಟ ಸಾಮಾನು ಹಾಗೇ ಅಲ್ಲೇ ಇದೆ. ಇವತ್ತು ನಾವು ನೋಡುವುದು ಅದನ್ನೇ.

ನಾನು ಮೊದಲು ಟ್ಯಾಂಕ್ ಕಟ್ಟಿಕೊಂಡಿದ್ದು ನೇತ್ರಾಣಿಯಲ್ಲಿ, ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ. ಅಲ್ಲಿ ಮೀನು ನೋಡಿದ್ದೇ ನೋಡಿದ್ದು. ಮುಳುಗಿದ ಹಡಗಿನ ಹುಚ್ಚು ಹತ್ತಿದ್ದು ಆಮೇಲೆ, ಕೆಲಸದ ಮೇಲೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಬಂದ ಮೇಲೆ. ಮೂಲೂಲಾಬಾ ಹತ್ತಿರ ಒಂದು ಹಳೇ ಯುದ್ಧನೌಕೆಯನ್ನು 2005ರಲ್ಲಿ ಬೇಕಂತಲೇ ಮುಳುಗಿಸಿ ಇಟ್ಟಿದ್ದಾರೆ. ಅದರಲ್ಲಿ ಹದಿನೈದಕ್ಕೂ ಹೆಚ್ಚು ಸಲ ಇಳಿದು ಪಳಗಿದೆ. ಅದು ನೆಟ್ಟಗೆ ನಿಂತಿದೆ, ಡೈವರ್‌ಗಳಿಗೆ ಅಂತಲೇ ದಾರಿ ಕೊರೆದಿದ್ದಾರೆ. ಕೂಲಿಜ್‌ಗೆ ಅಷ್ಟು ಸಾಲದು ಅಂತ ಆಳದ ಡೈವ್‌ಗೆ, ಡಿಕಂಪ್ರೆಷನ್‌ಗೆ (ಆಳದಿಂದ ತಡೆದು ತಡೆದು ಮೇಲೆ ಬರುವುದಕ್ಕೆ) ಬೇರೆ ಬೇರೆ ತರಬೇತಿ ತೊಗೊಂಡೆ. ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಮಾತ್ರ ಈಜುಕೊಳದಲ್ಲಿ ಮಾಡಿದ ಒಂದು ಸುಮ್ನೆ ಅಭ್ಯಾಸ. ತಳದಿಂದ ಒಂದು ಗೇಣು ಮೇಲೆ, ಕೈಕಾಲು ಆಡಿಸದೆ, ಬರೀ ಉಸಿರಿನಲ್ಲೇ ತೇಲಿಕೊಂಡು ಹತ್ತು ನಿಮಿಷ ಇರುವುದು. ಯಾಕೆ ಅಂತ ಎರಡನೇ ದಿನವೇ ಗೊತ್ತಾಯಿತು.

2019ರ ಆಗಸ್ಟ್‌ನಲ್ಲಿ ಪೋರ್ಟ್ ವಿಲಾದಿಂದ ಸಣ್ಣ ವಿಮಾನದಲ್ಲಿ ಲುಗಾನ್‌ವಿಲ್ ಊರಿಗೆ ಇಳಿದೆ. ಊರಿಗೆಲ್ಲ ಒಂದೇ ಅಗಲವಾದ ರಸ್ತೆ, ಯುದ್ಧಕಾಲದಲ್ಲಿ ಅಮೆರಿಕನ್ನರು ಮಾಡಿದ್ದು. ಅರ್ಧ ಪೀಪಾಯಿ ಮಗುಚಿಟ್ಟಂಥ ಅವರ ತಗಡಿನ ಶೆಡ್‌ಗಳು ಅಲ್ಲಲ್ಲಿ ಇನ್ನೂ ನಿಂತಿವೆ.

ಮೊದಲ ಡೈವ್‌ನಲ್ಲಿ ಗೈಡ್ ಒಳಗೆ ಬಿಡಲಿಲ್ಲ, ಅದು ಸರಿಯಾದ ಕ್ರಮವೇ. ದಡದಲ್ಲಿ ಸೊಂಟದ ನೀರಿನವರೆಗೆ ನಡೆದು, ಕಾಲಿಗೆ ಫಿನ್ (ಈಜುವ ರೆಕ್ಕೆ) ಹಾಕಿಕೊಂಡು, ತಳದಲ್ಲಿ ಕಟ್ಟಿರುವ ಹಗ್ಗ ಹಿಡಿದು ಇಳಿದೆವು. ಹತ್ತು ಮೀಟರ್, ಹದಿನೈದು ಮೀಟರ್, ಏನೂ ಇಲ್ಲ, ಬರೀ ನೀಲಿ. ಆಮೇಲೆ ನೀಲಿಯೊಳಗೆ ಇನ್ನಷ್ಟು ಕಡುನೀಲಿಯಾಗಿ ಒಂದು ಗುಡ್ಡ. ಹತ್ತಿರ ಹೋದ ಹಾಗೆ ಗುಡ್ಡಕ್ಕೆ ಅಂಚು ಬಂತು. ಹಡಗಿನ ಮೂತಿ. ಎದೆ ಎಷ್ಟು ಹೊಡೆದುಕೊಂಡಿತೆಂದರೆ ಗಾಳಿ ಎರಡರಷ್ಟು ಖರ್ಚಾಯಿತು. 30 ಮೀಟರ್‌ನಲ್ಲಿ ಒತ್ತಡ ಮೇಲಿನ ನಾಲ್ಕರಷ್ಟು, ಒಂದೊಂದು ಉಸಿರಿಗೂ ನಾಲ್ಕು ಪಟ್ಟು ಗಾಳಿ ಬೇಕು. ಹದಿನೆಂಟು ನಿಮಿಷಕ್ಕೇ ಟ್ಯಾಂಕಿನ ಗಾಳಿ ಅಳೆಯುವ ಗೇಜ್ ತೋರಿಸಿ ವಾಪಸ್ ಅಂದೆ. ಹಡಗಿನ ಹತ್ತರಲ್ಲೊಂದು ಪಾಲನ್ನೂ ನೋಡಿರಲಿಲ್ಲ.

ಎರಡನೇ ದಿನ ಪ್ರೊಮೆನೇಡ್ ಡೆಕ್. ಹಿಂದೆ ಸಾಹುಕಾರರು ಸಂಜೆ ಅಡ್ಡಾಡುತ್ತಿದ್ದ ಉದ್ದನೆಯ ಮೊಗಸಾಲೆ. ಊಟದ ಮೇಜಿನ ಮೇಲೆ ಕಲಿತ ಪಾಠ ಇಲ್ಲಿ ಕೈಹಿಡಿಯಿತು. ಹಿಂಭಾಗದ ಕಡೆಗೆ ಈಜುವಾಗ ನನ್ನ ಎಡಗಡೆ ಇರುವ ಗೋಡೆಯೇ ನೆಲ, ಬಲಗಡೆಯದು ಚಾವಣಿ. ಒಂದು ಸಲ ಹಾಗೆ ಓದಿಕೊಂಡ ಮೇಲೆ ಎಲ್ಲ ತಾನಾಗೇ ಅರ್ಥವಾಗತೊಡಗಿತು. ಕೆಳಗೆ ಬಿದ್ದ ರಾಶಿ ಯಾವುದು, ಇದ್ದಲ್ಲೇ ಅಂಟಿಕೊಂಡಿರುವುದು ಯಾವುದು ಅಂತ ತಿಳಿಯಿತು. ರಾಶಿಯಲ್ಲಿ ಇದ್ದದ್ದು ಹೆಲ್ಮೆಟ್‌ಗಳು, ಬಂದೂಕುಗಳು, ಗ್ಯಾಸ್ ಮಾಸ್ಕ್‌ಗಳು. ಒಂದು ಮಾಸ್ಕ್‌ನ ರಬ್ಬರ್ ಇನ್ನೂ ಮೆತ್ತಗೆ ಕಾಣುತ್ತಿತ್ತು. ಅದರ ಗಾಜಿನ ಕಣ್ಣಿನೊಳಗಿಂದ ಬೆರಳುದ್ದದ ಮೀನೊಂದು ಇಣುಕಿ ಒಳಗೆ ಸೇರಿಕೊಂಡಿತು.

ಅದರ ಫೋಟೋ ತೆಗೆಯುವ ಆಸೆಯಲ್ಲಿ ತಪ್ಪು ಮಾಡಿದೆ. ಕಾಲು ಸ್ವಲ್ಪ ಕೆಳಗಿಳಿಯಿತು, ಫಿನ್ ತುದಿ ತಾಗಿತು. ಎಪ್ಪತ್ತೇಳು ವರ್ಷದಿಂದ ಕೂತಿದ್ದ ಹೂಳು ಮೊಸರು ಕದಡಿದ ಹಾಗೆ ಎದ್ದು ಬಂತು. ಮೂರು ಸೆಕೆಂಡಿನಲ್ಲಿ ನನ್ನ ಕೈಯೇ ನನಗೆ ಕಾಣಲಿಲ್ಲ. ಗೈಡ್ ನನ್ನ ತೋಳು ಹಿಡಿದು ನಿಧಾನವಾಗಿ ಬೆಳಕಿನ ಕಡೆ ಎಳೆದುಕೊಂಡರು. ಪ್ರೊಮೆನೇಡ್ ಡೆಕ್‌ನ ಒಂದು ಪಕ್ಕ ತೆರೆದೇ ಇರುವುದರಿಂದ ಅಪಾಯ ಆಗಲಿಲ್ಲ. ಒಳಗಿನ ಕೋಣೆಯಲ್ಲಾಗಿದ್ದರೆ ಮಾತೇ ಬೇರೆ. ಮುಂದಿನ ಡೈವ್‌ಗೆ ಕ್ಯಾಮೆರಾ ದಡದಲ್ಲೇ ಬಿಟ್ಟೆ. ಕೂಲಿಜ್‌ಗೆ ಮೊದಲ ಸಲ ಹೋಗುವವರಿಗೆ ನನ್ನ ಒಂದೇ ಕೋರಿಕೆ ಇದು. ಮೊದಲ ಮೂರು ಡೈವ್ ಕ್ಯಾಮೆರಾ ಬೇಡ. ಟಾರ್ಚ್ ಮಾತ್ರ ಎರಡು ಇರಲಿ.

ಸರಕಿನ ಕೋಣೆಗಳಲ್ಲಿ ಜೀಪುಗಳು, ಲಾರಿಗಳು ಒಂದರ ಮೇಲೊಂದು ಬಿದ್ದಿವೆ. ಟೈರ್, ಸ್ಟಿಯರಿಂಗ್ ಸಮೇತ. ಒಂದು ಕಡೆ ಕಮೋಡ್‌ಗಳು ಗೋಡೆಯಿಂದ ಅಡ್ಡಡ್ಡ ಸಾಲಾಗಿ ಹೊರಚಾಚಿವೆ. ಗೋಡೆ ಅಂದರೆ ನೆಲ, ಅಲ್ವಾ. ಸಲೂನ್‌ನ ಕುರ್ಚಿಯೂ ಹಾಗೇ ಅಡ್ಡ ನಿಂತಿದೆ.

ನಾಲ್ಕನೇ ದಿನ ಲೇಡಿಯನ್ನು ನೋಡಲು ಹೋದೆವು. ಸಾಂಟೋದಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಲೇಡಿ ಅಂತ. ಮೊದಲ ದರ್ಜೆಯ ಸ್ಮೋಕಿಂಗ್ ರೂಮಿನಲ್ಲಿ ಅಗ್ಗಿಷ್ಟಿಕೆಯ ಮೇಲಿದ್ದ ಪಿಂಗಾಣಿಯ ಉಬ್ಬುಚಿತ್ರ. ಹಳೇಕಾಲದ ಉಡುಪಿನ ಹೆಂಗಸು, ಪಕ್ಕದಲ್ಲಿ ಹಣೆಗೆ ಒಂದೇ ಕೋಡಿರುವ ಬಿಳಿ ಕುದುರೆ. ಆ ಗೋಡೆ ಸಡಿಲವಾಗಿ ಅವಳು ಕೆಳಗೆ ಬಿದ್ದಾಗ ಡೈವರ್‌ಗಳೇ ಎತ್ತಿ ಹಡಗಿನೊಳಗೆ ಬೇರೆ ಕಡೆ, ನೆಟ್ಟಗೆ ಕಾಣುವ ಹಾಗೆ ಕೂರಿಸಿದ್ದಾರೆ. ಇಡೀ ಹಡಗಿನಲ್ಲಿ ತಲೆ ಓರೆ ಮಾಡದೆ ನೋಡಬಹುದಾದ ವಸ್ತು ಅಂದರೆ ಅವಳೊಬ್ಬಳೇ ಅಂತ ನನಗೆ ಅನ್ನಿಸಿತು.

ಆಳ ಸುಮಾರು 40 ಮೀಟರ್. ಅಷ್ಟು ಆಳದಲ್ಲಿ ಸಾಮಾನ್ಯ ಗಾಳಿ ಉಸಿರಾಡಿದರೆ ನೈಟ್ರೋಜನ್ ಅಮಲಿನ ಹಾಗೆ ತಲೆಗೇರುತ್ತದೆ. ನನಗೆ ಅದು ಖುಷಿಯಾಗಿ ಬರುವುದಿಲ್ಲ, ಮಂಕಾಗಿ ಬರುತ್ತದೆ. ಗೇಜ್ ನೋಡುತ್ತೇನೆ, 110 ಅಂತ ಓದುತ್ತೇನೆ, 110 ಅಂದರೆ ಏನು ಅಂತ ಮತ್ತೊಮ್ಮೆ ಯೋಚಿಸಬೇಕಾಗುತ್ತದೆ. ಅದಕ್ಕೇ ದಡದಲ್ಲೇ ಗೈಡ್ ಜೊತೆ ಲೆಕ್ಕ ಮಾಡಿಕೊಂಡಿದ್ದೆ. ಟ್ಯಾಂಕಿನ ಒತ್ತಡ ಎಷ್ಟು ಬಾರ್‌ಗೆ ಇಳಿದಾಗ ತಿರುಗಬೇಕು, ಎಷ್ಟನೇ ನಿಮಿಷಕ್ಕೆ ಹೊರಡಬೇಕು, ಎರಡನ್ನೂ ಕೈಪಟ್ಟಿಯ ಮೇಲೆ ಬರೆದುಕೊಂಡಿದ್ದೆ. ಕೆಳಗೆ ಹೋಗಿ ತೀರ್ಮಾನ ಮಾಡುವುದು ಏನೂ ಉಳಿದಿರಬಾರದು.

ಕತ್ತಲಲ್ಲಿ ಟಾರ್ಚ್ ಬೆಳಕು ಬಿಟ್ಟಾಗ ಅವಳು ಒಮ್ಮೆಲೇ ಕಾಣಿಸಿಕೊಂಡಳು. ಆ ಆಳದಲ್ಲಿ ಕೆಂಪು ಬಣ್ಣ ತಾನಾಗಿ ಕಾಣುವುದಿಲ್ಲ, ಎಲ್ಲ ಬೂದಿ ನೀಲಿ. ಬೆಳಕು ಬಿದ್ದ ಕಡೆ ಮಾತ್ರ ಅವಳ ಉಡುಪಿಗೆ ಬಣ್ಣ ಬಂತು, ಕುದುರೆ ಬೆಳ್ಳಗೆ ಹೊಳೆಯಿತು. ಗೈಡ್‌ಗಳು ಆಗಾಗ ಅವಳ ಮೇಲಿನ ಹೂಳು ಒರೆಸುತ್ತಾರೆ. ಹಬ್ಬಕ್ಕೆ ಮುಂಚೆ ನಮ್ಮಜ್ಜಿ ದೇವರ ಪಟ ಒರೆಸುತ್ತಿದ್ದದ್ದು ನೆನಪಾಯಿತು. ಅವಳ ಕೆನ್ನೆಗೆ ಮುತ್ತಿಡುವ ರೂಢಿ ಡೈವರ್‌ಗಳಲ್ಲಿದೆ. ನಾನು ಇಡಲಿಲ್ಲ. ಒಂದು ಮೊಳ ದೂರದಲ್ಲಿ ತೇಲುತ್ತಾ ಎರಡು ನಿಮಿಷ ಇದ್ದೆ. ಅವಳನ್ನು ಮುಟ್ಟುವ ಕೈ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು.

ಸತ್ತ ಇಬ್ಬರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಒಬ್ಬರು ರಾಬರ್ಟ್ ರೀಡ್, ಹಡಗಿನ ಫೈರ್‌ಮನ್, ಅಂದರೆ ಬಾಯ್ಲರ್‌ನ ಬೆಂಕಿ ನೋಡಿಕೊಳ್ಳುವವರು. ಮೈನ್ ಸಿಡಿದಾಗಲೇ ಕೆಳಗೆ ಕೆಲಸದಲ್ಲಿದ್ದ ಅವರು ಸತ್ತುಹೋದರು. ಇನ್ನೊಬ್ಬರು ಕ್ಯಾಪ್ಟನ್ ಎಲ್ವುಡ್ ಯೂವರ್ಟ್, ಸೇನೆಯ ಫಿರಂಗಿ ದಳದವರು. ಯೂವರ್ಟ್ ಕ್ಷೇಮವಾಗಿ ಹೊರಗೆ ಬಂದಿದ್ದರು. ಆಸ್ಪತ್ರೆ ಕೋಣೆಯಲ್ಲಿ ಜನ ಸಿಕ್ಕಿಕೊಂಡಿದ್ದಾರೆ ಅಂತ ಕೇಳಿ ಮತ್ತೆ ಒಳಗೆ ಹೋದರು. ಅವರನ್ನೆಲ್ಲ ಹೊರಗೆ ಕಳಿಸಿದರು. ಅಷ್ಟರಲ್ಲಿ ಹಡಗು ಮಗುಚಿತ್ತು. 2012ರಲ್ಲಿ ಅವರ ಮೂಳೆಗಳು ಹಡಗಿನಲ್ಲಿ ಸಿಕ್ಕಿದವು. ಡಿಎನ್‌ಎ ನೋಡಿ ಖಚಿತ ಮಾಡಿಕೊಂಡು 2016ರಲ್ಲಿ ಅಮೆರಿಕದ ರಾಸ್‌ವೆಲ್‌ನಲ್ಲಿ ಮಣ್ಣು ಮಾಡಿದರು. 70 ವರ್ಷ ಅವರು ಅಲ್ಲೇ ಇದ್ದರು. ದಡದಲ್ಲಿ ಅವರ ಹೆಸರಿನ ಸಣ್ಣ ಸ್ಮಾರಕವಿದೆ. ಪ್ರತಿದಿನ ಟ್ಯಾಂಕ್ ಹೊರುವ ಮುಂಚೆ ನಾನು ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದೆ.

ಆಳದಿಂದ ಬಂದ ಮೇಲೆ ಒಮ್ಮೆಲೇ ಮೇಲೇಳುವ ಹಾಗಿಲ್ಲ. ಮೈಯಲ್ಲಿ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಗೆ ಹೋಗಬೇಕು. ಐದಾರು ಮೀಟರ್‌ನಲ್ಲಿ ಇಪ್ಪತ್ತು ನಿಮಿಷ ಸುಮ್ನೆ ಕಾಯಬೇಕು. ಬೇರೆ ಕಡೆ ಇದು ಬೇಜಾರಿನ ಕೆಲಸ. ಇಲ್ಲಿ ಹಾಗಲ್ಲ. 1969ರಲ್ಲಿ ಸಾಂಟೋಗೆ ಬಂದು ದಶಕಗಟ್ಟಲೆ ಈ ಹಡಗಿಗೇ ಬದುಕು ಕೊಟ್ಟ ಆಸ್ಟ್ರೇಲಿಯಾದ ಅಲನ್ ಪವರ್ ಎಂಬ ಡೈವರ್, ಕಾಯುವವರಿಗೆ ಅಂತಲೇ ಅಲ್ಲೊಂದು ಹವಳದ ತೋಟ ಬೆಳೆಸಿದರು. ಒಂದು ದಿನ ಅಲ್ಲಿ ಕಾಯುತ್ತಿದ್ದಾಗ ಮೇಲೆ ಮಳೆ ಶುರುವಾಯಿತು. ನೀರಿನ ಕೆಳಗಿಂದ ನೋಡಿದರೆ ಮಳೆಹನಿ ಬಿದ್ದ ಕಡೆಯೆಲ್ಲ ಬೆಳ್ಳಿಯ ಚುಕ್ಕಿ. ಸದ್ದು ಹಂಚಿನ ಮನೆಯೊಳಗೆ ಕೇಳಿದ ಹಾಗೇ ಇತ್ತು.

ಕೂಲಿಜ್‌ನಲ್ಲಿ ಇಷ್ಟೆಲ್ಲ ಉಳಿದಿದ್ದು ತಾನಾಗೇ ಅಲ್ಲ. ಎಪ್ಪತ್ತರ ದಶಕದಲ್ಲಿ ಬೆಲೆಬಾಳುವ ಪ್ರೊಪೆಲರ್‌ಗಳನ್ನು ಬಿಚ್ಚಿ ಒಯ್ದರು. 1983ರಲ್ಲಿ ವನವಾಟು ಸರ್ಕಾರ ಇನ್ನು ಮುಂದೆ ಏನನ್ನೂ ತೆಗೆಯಕೂಡದು ಅಂತ ನಿಯಮ ಮಾಡಿತು. ಆಂಡ್ರಿಯಾ ಡೋರಿಯಾದಲ್ಲಿ ಡೈವರ್‌ಗಳು ಪಿಂಗಾಣಿ ತಟ್ಟೆಗಳನ್ನು ಚೀಲಗಟ್ಟಲೆ ಹೊತ್ತೊಯ್ದರು. ಇಲ್ಲಿ ಒಂದು ಔಷಧಿ ಸೀಸೆಯನ್ನು ಗೈಡ್ ಎತ್ತಿ ತೋರಿಸಿದರೆ, ಮತ್ತೆ ಅದೇ ಗುರುತಿನ ಮೇಲೆ ಇಡುತ್ತಾರೆ. ಹಾಗಂತ ಹಡಗು ಶಾಶ್ವತ ಅಲ್ಲ. ಅದು ಭೂಕಂಪದ ನಾಡು, ಪ್ರತಿ ನಡುಕಕ್ಕೂ ಒಂದಿಷ್ಟು ಕುಸಿಯುತ್ತದೆ. ತಗಡುಗಳು ತೆಳ್ಳಗಾಗಿವೆ. ನಾವು ಬಿಡುವ ಗಾಳಿಗುಳ್ಳೆ ಒಳಗೆ ಸಿಕ್ಕಿಕೊಂಡರೆ ಅದರಿಂದಲೂ ತುಕ್ಕು ಹಿಡಿಯುತ್ತದೆ. ಗೈಡ್ ಮೊದಲು ಹೋಗುತ್ತಿದ್ದ ಎರಡು ದಾರಿ ಈಗ ಮುಚ್ಚಿವೆ ಅಂತ ತೋರಿಸಿದರು. ಈಜುಕೊಳ 50 ಮೀಟರಿಗಿಂತ ಕೆಳಗಿದೆ. ಅದರ ಹೆಂಚುಗಳು ಇನ್ನೂ ಇವೆಯಂತೆ. ನನ್ನ ಅನುಭವ ಅಷ್ಟು ಆಳಕ್ಕೆ ಸಾಲದು, ಹಾಗಾಗಿ ಹೋಗಲಿಲ್ಲ.

ಐದನೇ ದಿನ ರಾತ್ರಿ ಡೈವ್. ಆರನೇ ದಿನ ನೀರಿಗಿಳಿಯುವಂತಿಲ್ಲ, ವಿಮಾನ ಹತ್ತುವ ಮುಂಚೆ ಒಂದು ದಿನ ಬಿಡಬೇಕು. ಹಾಗಾಗಿ ಅದೇ ಕೊನೆಯದು. ಕತ್ತಲಾಗುವ ಹೊತ್ತಿಗೆ ಇಳಿದು, ಟಾರ್ಚ್ ಹಚ್ಚದೆ ಹಗ್ಗ ಹಿಡಿದು ಸರಕಿನ ಕೋಣೆಯ ಬಾಯಿಗೆ ಹೋದೆವು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಕಬ್ಬಿಣದ ಅಂಚನ್ನು ಬೆರಳಿನಲ್ಲಿ ಹಿಡಿದು ಕೂತೆವು. ಸ್ವಲ್ಪ ಹೊತ್ತಿಗೆ ಒಳಗಡೆ ಎಲ್ಲೋ ಒಂದು ಹಸಿರು ನೀಲಿ ಚುಕ್ಕಿ ಮಿಣುಕಿತು. ಇನ್ನೊಂದು. ಆಮೇಲೆ ನೂರಾರು. ಫ್ಲ್ಯಾಶ್‌ಲೈಟ್ ಮೀನುಗಳು. ಕಣ್ಣಿನ ಕೆಳಗಿನ ಸಣ್ಣ ಚೀಲದಲ್ಲಿ ಬೆಳಗುವ ಬ್ಯಾಕ್ಟೀರಿಯಾ ಇಟ್ಟುಕೊಂಡು ಬದುಕುವ ಜೀವಗಳು, ಹಗಲೆಲ್ಲ ಹಡಗಿನ ಹೊಟ್ಟೆಯಲ್ಲಿ ಅಡಗಿದ್ದು ರಾತ್ರಿ ಹೊರಗೆ ಬರುತ್ತವೆ. ಮಲೆನಾಡಿನಲ್ಲಿ ಮುಂಗಾರಿಗೆ ಮುಂಚೆ ಮರದ ತುಂಬ ಮಿಂಚುಹುಳ ಕೂರುತ್ತವಲ್ಲ, ಹಾಗೆ ಗುಂಪುಗುಂಪಾಗಿ ಹೊತ್ತಿ ಆರುತ್ತಿದ್ದವು. ಆ ಬೆಳಕಿನಲ್ಲೇ ಒಂದು ಕ್ಷಣ ಜೀಪಿನ ಸ್ಟಿಯರಿಂಗ್ ಕಂಡಿತು, ಅಡ್ಡಡ್ಡ. ಮತ್ತೆ ಕತ್ತಲಾಯಿತು. ಗೈಡ್ ನನ್ನ ಭುಜ ತಟ್ಟಿ ಗೇಜ್ ನೋಡು ಅಂದರು. ನಾನು ಹಗ್ಗ ಹುಡುಕಿಕೊಂಡು ಹೊರಟೆ.