ಪದ್ಮಿನಿಗೆ ಟೈರ್ ಕೊಳ್ಳುವ ಮೊದಲು ರಿಮ್ ಅಳೆಯಿರಿ

ಹಳೆ ಪ್ರೀಮಿಯರ್ ಪದ್ಮಿನಿ ತೆಗೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಸಾಮಾನ್ಯವಾಗಿ ಕಿವಿಗೆ ಬೀಳೋ ಮಾತು: "ದಪ್ಪ ಟೈರ್ ಹಾಕ್ಸಿ ಸಾರ್, ಗಾಡಿ ಗತ್ತಾಗಿ ಕಾಣುತ್ತೆ." ದಯವಿಟ್ಟು ಹಾಕಿಸಬೇಡಿ. ಈ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ಮಡ್‌ಗಾರ್ಡ್ ಒಳಗೆ ಜಾಗ ಕಮ್ಮಿ. ರಿಮ್ ಅಂತೂ ತೀರಾ ಕಿರಿದು. ಯಾವ ಟೈರ್ ಅನ್ನೋದನ್ನ ರಿಮ್ ಹೇಳಬೇಕು.

ಮೊದಲು ವೈರ್ ಬ್ರಷ್‌ನಿಂದ ರಿಮ್ಮಿನ ಹಳೆ ಪೇಂಟ್ ಉಜ್ಜಿ. ಅದೃಷ್ಟ ಇದ್ದರೆ 4ಜೆ × 14 ಅನ್ನೋ ಥರದ ಅಚ್ಚು ಸಿಗುತ್ತೆ. 4 ಅಂದರೆ ಇಂಚಿನಲ್ಲಿ ಅಗಲ, ಜೆ ಅಂದರೆ ಅಂಚಿನ ಆಕಾರ, 14 ಅಂದರೆ ವ್ಯಾಸ. ಅಚ್ಚು ಅಳಿಸಿದ್ದರೆ ಟೈರ್ ಬಿಚ್ಚಿಸಿ, ಬೀಡ್ (ಟೈರಿನ ಒಳ ಅಂಚು) ಕೂರುವ ಜಾಗದಲ್ಲಿ ಈ ಅಂಚಿನ ಒಳಮೈಯಿಂದ ಆ ಅಂಚಿನ ಒಳಮೈವರೆಗೆ ಅಳೆಯಿರಿ. ಹೊರಗಿನಿಂದ ಹೊರಕ್ಕೆ ಅಳೆದರೆ ಸುಮಾರು ಒಂದು ಇಂಚು ಜಾಸ್ತಿ ಬರುತ್ತೆ, ಲೆಕ್ಕವೆಲ್ಲ ತಪ್ಪುತ್ತೆ. ಸ್ಟೆಪ್ನಿ ಸೇರಿ ಐದನ್ನೂ ಅಳೆಯಿರಿ. ಶಿವಾಜಿನಗರದ ಗುಜರಿಯಿಂದ ಬಂದ ರಿಮ್ ಯಾವ ಕಾರಿನದ್ದೋ ಇರಬಹುದು, ಅಲ್ವಾ?

ನನ್ನ ಕಾರಿನ ರಿಮ್ 4 ಇಂಚು. ಮೂಲ ಟೈರ್ 5.20-14, ನಾವೆಲ್ಲ ನೈಲಾನ್ ಅಂತೀವಲ್ಲ, ಆ ಹಳೇ ಥರದ ಕ್ರಾಸ್-ಪ್ಲೈ ಟೈರ್. ಈಗಿನ ಕಾರುಗಳಿಗೆ ಹಾಕೋ ರೇಡಿಯಲ್‌ನಲ್ಲಿ ಅದಕ್ಕೆ ಹತ್ತಿರದ್ದು 155/80 ಆರ್14. 155 ಅಂದರೆ ಮಿ.ಮೀ.ನಲ್ಲಿ ಟೈರ್ ಅಗಲ, 80 ಅಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಅನ್ನೋದು, ಆರ್ ಅಂದರೆ ರೇಡಿಯಲ್. ಲೆಕ್ಕ ಹಾಕಿ: 155ರ ಶೇ. 80 ಅಂದರೆ 124, ಎರಡು ಕಡೆ ಸೇರಿ 248, ರಿಮ್ಮಿನ 14 ಇಂಚು ಅಂದರೆ 356 ಕೂಡಿಸಿದರೆ 604 ಮಿ.ಮೀ. ಎತ್ತರ. ಈ ಅಗಲಕ್ಕೆ 4ರಿಂದ 5.5 ಇಂಚು ರಿಮ್ ನಡೆಯುತ್ತೆ, 4.5 ಸರಿಯಾದ ಅಳತೆ. 155 ಸಿಗದಿದ್ದರೆ 165/80 ಆರ್14 ನೋಡಿ. ಸ್ವಿಫ್ಟ್, ಡಿಜೈರ್‌ಗೆ ಬಂದ ಸೈಜ್ ಅದು, ಹಾಗಾಗಿ ಸುಲಭವಾಗಿ ಸಿಗುತ್ತೆ. ಎತ್ತರ 620 ಆಗುತ್ತೆ, ಮೀಟರ್ ಸ್ವಲ್ಪ ಕಮ್ಮಿ ವೇಗ ತೋರಿಸುತ್ತೆ. 4 ಇಂಚಿನ ರಿಮ್ ಅದಕ್ಕೆ ಕನಿಷ್ಠ ಮಿತಿ. 185/65 ಬೇಡವೇ ಬೇಡ, ಅದಕ್ಕೆ ಕನಿಷ್ಠ 5 ಇಂಚು ರಿಮ್ ಬೇಕು. ಕಿರಿದಾದ ರಿಮ್ಮಿಗೆ ದಪ್ಪ ಟೈರ್ ತುರುಕಿದರೆ ಪಕ್ಕದ ಗೋಡೆ ಉಬ್ಬುತ್ತೆ, ನಡುಭಾಗ ಬೇಗ ಸವೆಯುತ್ತೆ, ಸ್ಟೀರಿಂಗ್ ತಿರುಗಿಸಿದ ಮೇಲೆ ಗಾಡಿ ನಿಧಾನವಾಗಿ ತಿರುಗುತ್ತೆ. ನಂದಿ ಬೆಟ್ಟದ ತಿರುವುಗಳಲ್ಲಿ ಇದು ಅಪಾಯ.

ಕೊಳ್ಳುವಾಗ ಟೈರ್ ಪಕ್ಕದಲ್ಲಿ DOT (ಡಾಟ್) ಅಂತ ಶುರುವಾಗುವ ಸಾಲಿನ ಕೊನೇ ನಾಲ್ಕು ಅಂಕಿ ಓದಿ, ಅದು ತಯಾರಾದ ವಾರ ಮತ್ತು ವರ್ಷ. 2324 ಅಂದರೆ 2024ರ 23ನೇ ವಾರದ್ದು. ನಮ್ಮ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಟೈರಿನ ಮೇಲ್ಮೈ ಸವೆಯುವ ಮೊದಲೇ ರಬ್ಬರ್ ಬಿರುಕು ಬಿಡುತ್ತೆ. ಹಾಗಾಗಿ ಹೊಸ ತಾರೀಕಿನದ್ದನ್ನೇ ಕೇಳಿ.

ಹಳೆ ರಿಮ್ಮಿಗೆ ಟ್ಯೂಬ್ ಬೇಕೇ ಬೇಕು, ಅದೂ ರೇಡಿಯಲ್‌ಗೆ ಆಗುವಂಥದ್ದು. ಟೈರ್ ಒಳಗಿನ ಕಾಗದದ ಲೇಬಲ್ ಕೀಳಿಸಿ, ಇಲ್ಲದಿದ್ದರೆ ಅದೇ ಉಜ್ಜಿ ಉಜ್ಜಿ ಟ್ಯೂಬ್ ತೂತಾಗುತ್ತೆ. ನೈಲಾನ್, ರೇಡಿಯಲ್ ಎರಡನ್ನೂ ಒಂದೇ ಆಕ್ಸಲ್‌ಗೆ (ಎದುರುಬದುರಿನ ಎರಡು ಚಕ್ರಗಳಿಗೆ) ಹಾಕಬೇಡಿ.

ಕೂರಿಸಿದ ಮೇಲೆ ಟೈರ್‌ನ ಅಂಚಿಗೆಲ್ಲ ಸೀಮೆಸುಣ್ಣ ಬಳಿಯಿರಿ. ಹಿಂದೆ ಮೂವರನ್ನು ಕೂರಿಸಿಕೊಂಡು ಬಡಾವಣೆಯ ಹಂಪ್‌ಗಳ ಮೇಲೆ ನಿಧಾನವಾಗಿ ಹೋಗಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಇಳಿದು ಮಡ್‌ಗಾರ್ಡ್ ಒಳಗೆ ಟಾರ್ಚ್ ಹಿಡಿದು ನೋಡಿ. ಬಿಳಿ ಗೆರೆ ಎಲ್ಲಾದರೂ ಮೆತ್ತಿದ್ದರೆ ಟೈರ್ ಅಲ್ಲಿ ತಾಗುತ್ತಿದೆ. ಅಂಗಡಿಯವರಿಗೆ ತೋರಿಸಿ ಅವತ್ತೇ ಬದಲಾಯಿಸಿಕೊಳ್ಳಿ. ಸುಣ್ಣ ಎಲ್ಲೂ ಮೆತ್ತದಿದ್ದರೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡೋದು) ಮಾಡಿಸಿ.