ವಿದೇಶಿ ವಿಮಾನ ಬಿಟ್ಟದ್ದು ಆತುರವಾಯಿತೇ? ತಾರೀಖು ಹಿಡಿದು ನೋಡಿ

ಕೋವಿಡ್ ಕಾಲದಲ್ಲಿ ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಸೋಂಕು ಪತ್ತೆಯ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡುತ್ತಿದ್ದೆ. ನಿಲ್ಲಿಸಿದ್ದ ವಿದೇಶಿ ವಿಮಾನಗಳನ್ನು ಸರ್ಕಾರ ಬೇಗ ಮತ್ತೆ ಬಿಟ್ಟಿತು ಅಂತ ಈಗಲೂ ನಮ್ಮ ಮನೆಯಲ್ಲಿ ಜಗಳ ಆಗುತ್ತದೆ. ಸುಮ್ನೆ ವಾದ ಮಾಡುವ ಬದಲು ಒಂದು ಹಾಳೆ ತಗೊಂಡು ತಾರೀಖು ಬರೆಯಿರಿ.

ಮೊದಲು, ಬಾಗಿಲು ನಿಜಕ್ಕೂ ಮುಚ್ಚಿತ್ತೇ ನೋಡಿ. ಭಾರತ ಮಾಮೂಲಿ ವಿದೇಶಿ ವಿಮಾನ ನಿಲ್ಲಿಸಿದ್ದು 2020ರ ಮಾರ್ಚ್‌ನಲ್ಲಿ. ಆದರೆ ವಿದೇಶದಲ್ಲಿ ಸಿಲುಕಿದವರನ್ನು ಕರೆತಂದ ವಂದೇ ಭಾರತ್ ವಿಮಾನಗಳಲ್ಲಿ, ಆಮೇಲೆ ಏರ್ ಬಬಲ್ (ಎರಡು ದೇಶಗಳ ನಡುವೆ ಮಿತವಾಗಿ ವಿಮಾನ ಓಡಿಸುವ) ಒಪ್ಪಂದದಲ್ಲಿ ಜನ ಬರುತ್ತಲೇ ಇದ್ದರು.

ಆಮೇಲೆ, ತೀರ್ಮಾನ ಮಾಡಿದ ದಿನ ಏನು ಗೊತ್ತಿತ್ತು ಅಂತ ಪಕ್ಕದಲ್ಲೇ ಬರೆಯಿರಿ. ನಂತರ ಗೊತ್ತಾದದ್ದನ್ನು ಬೆರೆಸಬೇಡಿ. 2021ರ ನವೆಂಬರ್ 26ರಂದು ಸರ್ಕಾರ, ಡಿಸೆಂಬರ್ 15ರಿಂದ ಮಾಮೂಲಿ ಹಾರಾಟ ಎಂದಿತು. ದಕ್ಷಿಣ ಆಫ್ರಿಕಾ ಹೊಸ ತಳಿಯ ಸುದ್ದಿ ಕೊಟ್ಟು ಅಷ್ಟೊತ್ತಿಗೆ ಎರಡು ದಿನವಾಗಿತ್ತು. ಅದೇ 26ರಂದು ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಮೈಕ್ರಾನ್ ಎಂದು ಹೆಸರಿಟ್ಟಿತು. ಡಿಸೆಂಬರ್ 1ರಂದು ಆ ಹಾರಾಟವನ್ನು ಮುಂದೂಡಿದರು. ಎಷ್ಟು ಬೇಗ ಹಿಂದೆ ಸರಿದರು ಅನ್ನುವುದಕ್ಕೂ ಅಂಕ ಕೊಡಿ.

ಮೂರನೆಯದರಲ್ಲಿ ಅವಸರ ಮಾಡಬೇಡಿ: ಸೋಂಕು ಬಂದಿಳಿದ ಮೇಲೆ ಗೊತ್ತಾಗಲು ಎಷ್ಟು ದಿನ ಹಿಡಿಯಿತು? ದಕ್ಷಿಣ ಆಫ್ರಿಕಾದ 66 ವರ್ಷದ ಪ್ರಯಾಣಿಕರೊಬ್ಬರು ನೆಗೆಟಿವ್ ರಿಪೋರ್ಟ್ ಹಿಡಿದು ನವೆಂಬರ್ 20ರಂದು ಬೆಂಗಳೂರಿಗೆ ಬಂದರು. ಇಲ್ಲಿ ಪಾಸಿಟಿವ್ ಬಂತು. ಸ್ಯಾಂಪಲ್ ಸೀಕ್ವೆನ್ಸಿಂಗ್‌ಗೆ, ಅಂದರೆ ವೈರಸ್ಸಿನ ಪೂರ್ತಿ ಜೀನ್ ಓದಿ ತಳಿ ಗುರುತಿಸುವ ಪರೀಕ್ಷೆಗೆ, ಹೋಯಿತು. ಅವರು 27ರಂದು ದುಬೈಗೆ ಹೊರಟರು. ಒಮೈಕ್ರಾನ್ ಎಂದು ಪ್ರಕಟವಾದದ್ದು ಡಿಸೆಂಬರ್ 2ಕ್ಕೆ. ಪಿಸಿಆರ್ ಫಲಿತಾಂಶ ಕೆಲವೇ ಗಂಟೆಗಳಲ್ಲಿ ಸಿಗುತ್ತದೆ, ಆದರೆ ಅದು ಸೋಂಕು ಇದೆಯೋ ಇಲ್ಲವೋ ಅಂತ ಮಾತ್ರ ಹೇಳುತ್ತದೆ. ಕೆಲವು ಪಿಸಿಆರ್ ಕಿಟ್‌ಗಳಲ್ಲಿ ವೈರಸ್ಸಿನ ಎಸ್ ಜೀನ್ ಎಂಬ ಒಂದು ಭಾಗ ಕಾಣದಿದ್ದರೆ ಒಮೈಕ್ರಾನ್ ಇರಬಹುದೆಂಬ ಸುಳಿವು ಸಿಗುತ್ತಿತ್ತು. ಖಾತ್ರಿಗೆ ಸೀಕ್ವೆನ್ಸಿಂಗೇ ಬೇಕು, ಅದಕ್ಕೆ ದಿನಗಳು ಬೇಕು.

ಅದೇ ದಿನ ಪ್ರಕಟವಾದ ಎರಡನೇ ಸೋಂಕಿತರು ವಿದೇಶಕ್ಕೇ ಹೋಗದ 46 ವರ್ಷದ ವೈದ್ಯರು. ಅಂದರೆ ತಳಿ ಆಗಲೇ ಊರೊಳಗಿತ್ತು, ಅಲ್ವಾ? ಬಾಗಿಲು ಹಾಕಿದರೆ ಸಿಗುವುದು ಒಂದಿಷ್ಟು ಸಮಯ ಮಾತ್ರ. ಹಾಗಾಗಿ ಆ ಸಮಯದಲ್ಲಿ ಏನು ಮಾಡಿದರು ಅಂತಲೂ ಬರೆಯಿರಿ. ಉದಾಹರಣೆಗೆ, ವೈದ್ಯಕೀಯ ಸಿಬ್ಬಂದಿಗೆ, ಕಾಯಿಲೆ ಇರುವ ಹಿರಿಯರಿಗೆ ಮೂರನೇ ಡೋಸ್ ಶುರುವಾದದ್ದು 2022ರ ಜನವರಿ 10ಕ್ಕೆ.

ಮಾಮೂಲಿ ಹಾರಾಟ ಶುರುವಾದದ್ದು ಮಾರ್ಚ್ 27ಕ್ಕೆ. ಅಷ್ಟರಲ್ಲಿ ಮೂರನೇ ಅಲೆ ಇಳಿದಿತ್ತು. ನನ್ನ ಹಾಳೆಯಲ್ಲಿ ಡಿಸೆಂಬರ್ 15ರ ಎದುರು ‘ಆತುರ’, ಮಾರ್ಚ್ 27ರ ಎದುರು ‘ಸರಿ’ ಅಂತ ಬರೆದಿದ್ದೇನೆ. ನಿಮ್ಮ ಮಕ್ಕಳು ಆಗ ಬೇರೆ ದೇಶದಲ್ಲಿದ್ದರೆ ಆ ದೇಶದ ತಾರೀಖುಗಳಿಗೂ ಒಂದು ಸಾಲು ಬಿಡಿ.