ಫೈ ಕಣದ ಪಟ್ಟಿ ನಡುವೆ ಏಕೆ ಖಾಲಿ?

ನಾನು ಬೆಳಗಾವಿಯಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುವವನು. ಕಣಗಳ ಕೆಲಸಕ್ಕೆ ಜಿನೀವಾವರೆಗೆ ಹೋಗಲೇಬೇಕೆಂದಿಲ್ಲ. ಸಾಧಾರಣ ಲ್ಯಾಪ್‌ಟಾಪ್, ಪೈಥಾನ್, ಮಳೆಗಾಲದಲ್ಲಿ ಟಿಳಕವಾಡಿಯ ಕರೆಂಟ್ ಹೋದಾಗ ಕಾಯುವ ತಾಳ್ಮೆ, ಇಷ್ಟು ಸಾಕು. ಜಿನೀವಾದ ಕಣ ಪ್ರಯೋಗಾಲಯ ಸರ್ನ್‌ನಲ್ಲಿ ನಡೆಯುವ ಎಲ್‌ಎಚ್‌ಸಿಬಿ ಪ್ರಯೋಗ 2011ರಲ್ಲಿ ಕಲೆಹಾಕಿದ ದತ್ತಾಂಶದ ಒಂದು ಪಾಲನ್ನು ಸರ್ನ್ ಎಲ್ಲರಿಗೂ ತೆರೆದಿಟ್ಟಿದೆ. ಬಿ ಮೆಸಾನ್ ಎಂಬ ಭಾರದ, ಅಲ್ಪಾಯುಷಿ ಕಣ ಮೂರು ಕೇಯಾನ್‌ಗಳೆಂಬ ಹಗುರ ಕಣಗಳಾಗಿ ಒಡೆಯುವ ಘಟನೆಗಳನ್ನು ಅದರಿಂದ ಆರಿಸಿಕೊಂಡೆ.

ಕಡತದಲ್ಲಿ ಪ್ರತಿ ಕಣದ ಸಂವೇಗವಿದೆ, ಅದು ಕೇಯಾನ್ ಆಗಿರುವ ಸಂಭವವೂ ಇದೆ. ಕೇಯಾನ್ ದ್ರವ್ಯರಾಶಿ 493.7 ಎಂಇವಿ (ಕಣಗಳ ದ್ರವ್ಯರಾಶಿ ಅಳೆಯುವ ಶಕ್ತಿಯ ಮಾನ) ಎಂದು ಹಿಡಿದು ಶಕ್ತಿ ಲೆಕ್ಕಹಾಕಿ ಮೂರನ್ನೂ ಕೂಡಿಸಿದರೆ, 5279 ಎಂಇವಿ ಬಳಿ ಬಿ ಮೆಸಾನ್ ಶಿಖರವಾಗಿ ಏಳುತ್ತದೆ. ಇಲ್ಲಿಯವರೆಗೆ ಯಾರಾದರೂ ಮಾಡಬಹುದು.

ಮೂರು ಕೇಯಾನ್‌ಗಳಲ್ಲಿ ವಿರುದ್ಧ ಆವೇಶದ ಜೋಡಿಗಳು ಎರಡು. ಎರಡರ ದ್ರವ್ಯರಾಶಿಯ ವರ್ಗವನ್ನೂ ತೆಗೆದು, ಚಿಕ್ಕದನ್ನು ಅಡ್ಡ ಅಕ್ಷಕ್ಕೆ, ದೊಡ್ಡದನ್ನು ಲಂಬ ಅಕ್ಷಕ್ಕೆ ಇಟ್ಟು ಚುಕ್ಕಿ ಹಾಕಿದೆ. 1953ರಲ್ಲಿ ಭೌತವಿಜ್ಞಾನಿ ರಿಚರ್ಡ್ ಡಾಲಿಟ್ಸ್ ಹೇಳಿಕೊಟ್ಟ ನಕ್ಷೆ ಇದು. ನಡುವೆ ಬೇರಾವ ಕಣವೂ ಹುಟ್ಟದಿದ್ದರೆ ಚುಕ್ಕಿಗಳು ಸಮನಾಗಿ ಹರಡಬೇಕು. ಆದರೆ 1020 ಎಂಇವಿಯಲ್ಲಿ ಕಿರಿದಾದ ಪಟ್ಟಿಯೊಂದು ಎದ್ದು ಕಾಣುತ್ತದೆ. ಅದೇ ಫೈ, ಹುಟ್ಟಿದೊಡನೆ ಎರಡು ಕೇಯಾನ್‌ಗಳಾಗಿ ಒಡೆಯುವ ಕಣ. ಅಗಲ ಹೆಚ್ಚಿದಷ್ಟೂ ಕಣದ ಆಯುಸ್ಸು ಕಡಿಮೆ. ಫೈ ಅಗಲ 4.25 ಎಂಇವಿ, ಅಂದರೆ ಆಯುಸ್ಸು 10ರ ಮೈನಸ್ 22ನೇ ಘಾತ ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಬೆಳಕೇ ಪರಮಾಣುವಿನ ಅಗಲದ ಸಾವಿರದಲ್ಲೊಂದು ಪಾಲನ್ನು ದಾಟದು. 1865 ಎಂಇವಿಯಲ್ಲಿಯೂ ಒಂದು ಗೆರೆಯಿದೆ. ಅದು ಡಿ ಮೆಸಾನ್, ನಿಧಾನವಾಗಿ ಸಾಯುವ ಕಣ. ಗೆರೆಗೆ ಕಾಣುವ ಅಗಲ ಉಪಕರಣದ್ದು. ಅದನ್ನು ಕತ್ತರಿಸಿ ಪಕ್ಕಕ್ಕಿಟ್ಟೆ.

“ಸರ್, ಪಟ್ಟಿಯ ಎರಡೂ ತುದಿಯಲ್ಲಿ ಚುಕ್ಕಿಗಳ ದಟ್ಟಣೆ, ನಡುವೆ ಮಾತ್ರ ಏಕೆ ಖಾಲಿ?” ಎಂದು ಗೋಕಾಕದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಇಡೀ ಕೆಲಸದ ತಿರುಳು ಅಲ್ಲಿದೆ. ಬಿ ಮತ್ತು ಕೇಯಾನ್‌ಗಳ ಸ್ಪಿನ್ (ಕಣದ ಸಹಜ ಕೋನೀಯ ಸಂವೇಗ) ಸೊನ್ನೆ, ಫೈಯದು ಒಂದು. ಪಟ್ಟಿಯ ಉದ್ದಕ್ಕೂ ಚುಕ್ಕಿ ಎಲ್ಲಿದೆ ಎಂಬುದು ಫೈ ಒಡೆದ ಕೋನವನ್ನು ಹೇಳುತ್ತದೆ. ಹಾಗಾಗಿ ಫೈ ಒಡೆಯುವ ಕೋನದ ಹಂಚಿಕೆ ಕೊಸೈನ್ ವರ್ಗದಂತೆ ಬದಲಾಗಿ, ನಡುವೆ ಸೊನ್ನೆಗೆ ಇಳಿಯುತ್ತದೆ. ಸ್ಪಿನ್ ಸೊನ್ನೆಯ ಕಣವಾಗಿದ್ದರೆ ಪಟ್ಟಿ ಉದ್ದಕ್ಕೂ ಒಂದೇ ಸಮ ಇರುತ್ತಿತ್ತು. ನಾನಂತೂ ಶಿಖರದ ಎತ್ತರಕ್ಕಿಂತ ಈ ಖಾಲಿ ಜಾಗವನ್ನೇ ಹೆಚ್ಚು ನಂಬುತ್ತೇನೆ.

ಉಬ್ಬು ಕಂಡ ಮಾತ್ರಕ್ಕೆ ಕಣ ಸಿಕ್ಕಿತೆನ್ನಲಾಗದು. ಒಂದರ ಮೇಲೊಂದು ಬೀಳುವ ಕ್ವಾಂಟಂ ಅಲೆಗಳು ಕೂಡಿಯೂ ಉಬ್ಬು ಮಾಡಬಲ್ಲವು. ಬಿ ಮೆಸಾನ್ ಕ್ಷಯದಲ್ಲೇ ಜಪಾನಿನ ಬೆಲ್ ಪ್ರಯೋಗ 2007ರಲ್ಲಿ 4430 ಎಂಇವಿ ಬಳಿ ಆವೇಶವುಳ್ಳ ಉಬ್ಬೊಂದನ್ನು ಕಂಡಿತು. ಅಮೆರಿಕದ ಬಾಬಾರ್ ತನ್ನ ದತ್ತಾಂಶಕ್ಕೆ ಅದರ ಅಗತ್ಯವಿಲ್ಲ ಎಂದಿತು. 2014ರಲ್ಲಿ ಎಲ್‌ಎಚ್‌ಸಿಬಿ ಅದರ ಪ್ರಾವಸ್ಥೆ (ಅಲೆಯ ಹಂತ) ಅನುರಣನಕ್ಕೆ, ಅಂದರೆ ನಿಜವಾದ ಅಲ್ಪಾಯುಷಿ ಕಣಕ್ಕೆ, ತಕ್ಕಂತೆ ತಿರುಗುವುದನ್ನು ತೋರಿಸಿದ ಮೇಲೆ ಆ ವಾದ ತಣ್ಣಗಾಯಿತು. ಹೊಸ ಕಣ ಹುಡುಕುವ ಹುಮ್ಮಸ್ಸಿನಲ್ಲಿ ಬರುವವರಿಗೆ ನಾನು ಮೊದಲು ಫೈ ಪಟ್ಟಿಯನ್ನೇ ಕೊಡುತ್ತೇನೆ. ಗೊಣಗುತ್ತಲೇ ಮಾಡುತ್ತಾರೆ.